ಶೇರ್ಡ್ ಲೈಬ್ರರಿಗೆ ಭದ್ರತಾ ಅಪ್‌ಡೇಟ್: ಸರ್ವಿಸ್ ರೀಸ್ಟಾರ್ಟ್ ಸಾಕೇ, ರೀಬೂಟ್ ಬೇಕೇ, ಲೈವ್ ಪ್ಯಾಚ್ ಯಾರಿಗೆ?

ಇಂಟರ್ನೆಟ್ ಸಂಪರ್ಕಗಳನ್ನು ಗೂಢಲಿಪಿಗೆ ತಿರುಗಿಸಲು ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ಗೆ ಭದ್ರತಾ ಅಪ್‌ಡೇಟ್ ಬಂದಿದೆ ಎಂದುಕೊಳ್ಳಿ. ಪ್ಯಾಕೇಜ್ ಮ್ಯಾನೇಜರ್‌ಗೆ ಆಜ್ಞೆ ಕೊಟ್ಟಿರಿ, ಅದು ಇಳಿಯಿತು, ಸ್ಥಾಪನೆಯೂ ಆಯಿತು. ಆವೃತ್ತಿ ಕೇಳಿದರೆ ಹೊಸ ಸಂಖ್ಯೆಯೇ ಕಾಣುತ್ತದೆ. ಆದರೆ ಕಳೆದ ತಿಂಗಳಿನಿಂದ ನಿಲ್ಲದೆ ಓಡುತ್ತಿರುವ ವೆಬ್ ಸರ್ವರ್‌ನ ಮಟ್ಟಿಗೆ ಏನೂ ಬದಲಾಗಿಲ್ಲ. ಅದು ಇನ್ನೂ ಹಳೆಯ, ದೋಷವಿರುವ ಲೈಬ್ರರಿಯನ್ನೇ ಹಿಡಿದುಕೊಂಡು ಕೆಲಸ ಮಾಡುತ್ತಿದೆ. ಹೊರಗಿನಿಂದ ದಾಳಿ ಮಾಡುವವನಿಗೆ ನೀವು ಅಪ್‌ಡೇಟ್ ಮಾಡಿದ್ದೀರೋ ಇಲ್ಲವೋ ಎಂಬ ವ್ಯತ್ಯಾಸವೇ ತಿಳಿಯುವುದಿಲ್ಲ.

ಅಪ್‌ಡೇಟ್ ವಿಧಾನಗಳ ಚರ್ಚೆ ಸಾಮಾನ್ಯವಾಗಿ ‘ಸ್ವಯಂಚಾಲಿತವೋ, ಕೈಯಾರೆಯೋ’ ಎಂಬಲ್ಲಿಗೇ ನಿಂತುಬಿಡುತ್ತದೆ. ನನ್ನ ಪ್ರಕಾರ ಅದು ಅರ್ಧ ಪ್ರಶ್ನೆ. ಡಿಸ್ಕ್‌ನಲ್ಲಿರುವ ಫೈಲ್ ಬದಲಾಗುವುದು ಒಂದು ಹಂತ, ಓಡುತ್ತಿರುವ ಪ್ರೋಗ್ರಾಂ ಹಳೆಯದನ್ನು ಕೈಬಿಡುವುದು ಬೇರೆಯದೇ ಹಂತ. ಯಾವ ವಿಧಾನ ಆರಿಸಿಕೊಳ್ಳಬೇಕು ಎಂಬುದನ್ನು ಈ ಎರಡನೆಯ ಹಂತವೇ ತೀರ್ಮಾನಿಸುತ್ತದೆ.

ಹಳೆಯ ಫೈಲ್ ಎಲ್ಲಿ ಉಳಿದಿರುತ್ತದೆ

ಪ್ರೋಗ್ರಾಂ ಶುರುವಾದಾಗ ಡೈನಮಿಕ್ ಲೋಡರ್ ಅದಕ್ಕೆ ಬೇಕಾದ ಲೈಬ್ರರಿಗಳನ್ನು ಹುಡುಕಿ ಮೆಮೊರಿಗೆ ಜೋಡಿಸುತ್ತದೆ. ಈ ಜೋಡಣೆ ನಡೆಯುವುದು ಶುರುವಿನಲ್ಲಿ. ಆಮೇಲೆ ಡಿಸ್ಕ್‌ನಲ್ಲಿ ಏನಾಯಿತೆಂದು ಪ್ರೋಗ್ರಾಂ ತಿರುಗಿ ನೋಡುವುದಿಲ್ಲ. ಲಿನಕ್ಸ್‌ನ ಪ್ಯಾಕೇಜ್ ಮ್ಯಾನೇಜರ್ ಹೊಸ ಫೈಲನ್ನು ಹಳೆಯದರ ಮೇಲೆಯೇ ಬರೆಯುವುದೂ ಇಲ್ಲ. ಪಕ್ಕದಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಕೊನೆಗೆ ಹೆಸರನ್ನು ಮಾತ್ರ ಬದಲಿಸುತ್ತದೆ. ಹಳೆಯ ಫೈಲ್ ಹೆಸರು ಕಳೆದುಕೊಳ್ಳುತ್ತದೆ, ಆದರೆ ಯಾವುದಾದರೂ ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಅದನ್ನು ಬಳಸುತ್ತಿರುವವರೆಗೂ ವ್ಯವಸ್ಥೆಯ ತಿರುಳಾದ ಕರ್ನಲ್ ಅದರ ಒಡಲನ್ನು ಅಳಿಸುವುದಿಲ್ಲ. ಓಡುತ್ತಿರುವ ಪ್ರೋಗ್ರಾಂಗಳು ಅಪ್‌ಡೇಟ್‌ನ ನಡುವೆ ಕುಸಿದುಬೀಳದಿರುವುದು ಈ ಏರ್ಪಾಡಿನಿಂದಲೇ. ದೋಷ ಜೀವಂತವಾಗಿ ಉಳಿಯುವುದೂ ಇದರಿಂದಲೇ.

ಇದನ್ನು ಕಣ್ಣಾರೆ ನೋಡಬಹುದು. ಪ್ರತಿ ಪ್ರೊಸೆಸ್‌ನ ಮೆಮೊರಿ ನಕ್ಷೆಯಲ್ಲಿ ಇಂತಹ ಲೈಬ್ರರಿಯ ಪಕ್ಕದಲ್ಲಿ ‘ಡಿಲೀಟೆಡ್’ ಎಂಬ ಗುರುತು ಇರುತ್ತದೆ. ತೆರೆದ ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ ಅದನ್ನೇ ‘ಡೆಲ್’ ಎಂದು ತೋರಿಸುತ್ತದೆ. ಲಿನಕ್ಸ್ ವಿತರಣೆಗಳ ಪೈಕಿ ಡೆಬಿಯನ್ ಮತ್ತು ಉಬುಂಟುವಿನಲ್ಲಿ ನೀಡ್‌ರೀಸ್ಟಾರ್ಟ್, ಫೆಡೋರಾ ಮತ್ತು ರೆಡ್ ಹ್ಯಾಟ್ ಬಳಗದಲ್ಲಿ ಡಿಎನ್‌ಎಫ್‌ನ ನೀಡ್ಸ್-ರೀಸ್ಟಾರ್ಟಿಂಗ್, ಓಪನ್‌ಸೂಸೆಯಲ್ಲಿ ಜಿಪ್ಪರ್ ಪಿಎಸ್ ಈ ಹುಡುಕಾಟವನ್ನು ನಿಮ್ಮ ಪರವಾಗಿ ಮಾಡಿ, ಯಾವ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ರೀಸ್ಟಾರ್ಟ್ ಆಗಬೇಕೆಂದು ಪಟ್ಟಿ ಕೊಡುತ್ತವೆ. ಈ ಕಾವಲುಗಾರರಿಗೂ ಕಾವಲು ಬೇಕಾಗುತ್ತದೆ: ನೀಡ್‌ರೀಸ್ಟಾರ್ಟ್‌ನಲ್ಲೇ ಸಾಮಾನ್ಯ ಬಳಕೆದಾರ ರೂಟ್ ಅಧಿಕಾರ, ಅಂದರೆ ಯಂತ್ರದ ಪೂರ್ಣ ಹಿಡಿತ, ಪಡೆಯಬಹುದಾದ ದೋಷಗಳಿದ್ದುದನ್ನು ಕ್ವಾಲಿಸ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಬಹಿರಂಗಪಡಿಸಿತು. ಅವು 2014ರಿಂದಲೂ ಅಲ್ಲಿದ್ದವು, 3.8 ಆವೃತ್ತಿಯಲ್ಲಿ ಸರಿಯಾದವು.

ವಿಂಡೋಸ್‌ನ ದಾರಿ ಬೇರೆ. ಬಳಕೆಯಲ್ಲಿರುವ ಡಿಎಲ್‌ಎಲ್ (ಅಲ್ಲಿನ ಶೇರ್ಡ್ ಲೈಬ್ರರಿ) ಅನ್ನು ಅದು ಸುಲಭವಾಗಿ ಬದಲಿಸಗೊಡುವುದಿಲ್ಲ, ಬದಲಾವಣೆಯನ್ನು ಬರೆದಿಟ್ಟುಕೊಂಡು ಮುಂದಿನ ಬೂಟ್‌ನಲ್ಲಿ ಮಾಡಿ ಮುಗಿಸುತ್ತದೆ. ಮ್ಯಾಕ್‌ಒಎಸ್ 2020ರ ಬಿಗ್ ಸರ್ ಆವೃತ್ತಿಯಿಂದ ವ್ಯವಸ್ಥೆಯ ಭಾಗವನ್ನೇ ಮೊಹರು ಮಾಡಿ ಇಟ್ಟಿದೆ, ಅಲ್ಲಿಯೂ ವ್ಯವಸ್ಥೆಯ ಅಪ್‌ಡೇಟ್ ಎಂದರೆ ಸಾಮಾನ್ಯವಾಗಿ ರೀಸ್ಟಾರ್ಟ್. ಹಾಗಾಗಿ ಇವೆರಡರಲ್ಲಿ ಸಾಮಾನ್ಯವಾಗಿ ನಿಮ್ಮ ಆಯ್ಕೆ ಉಳಿಯುವುದು ರೀಬೂಟನ್ನು ಎಷ್ಟು ದಿನ ಮುಂದೂಡುತ್ತೀರಿ ಎಂಬುದರಲ್ಲಿ. ಕಿರಿಕಿರಿಯಾದರೂ ಅದರಲ್ಲಿ ಒಂದು ಅನುಕೂಲವಿದೆ: ರೀಬೂಟ್ ಆದಮೇಲೆ ಯಾವ ಪ್ರೋಗ್ರಾಂ ಹಳೆಯದನ್ನು ಹಿಡಿದಿದೆ ಎಂಬ ಅನುಮಾನಕ್ಕೆ ಎಡೆಯಿಲ್ಲ. ನಿಜವಾದ ಆಯ್ಕೆಗಳಿರುವುದು ಲಿನಕ್ಸ್‌ನಲ್ಲಿ, ಮುಂದಿನ ಮಾತೆಲ್ಲ ಅದರ ಕುರಿತು.

ಇಳಿಸುವ ಮೂರು ದಾರಿಗಳು

ಮೊದಲನೆಯದು ಸ್ವಯಂಚಾಲಿತ. ಡೆಬಿಯನ್ ಬಳಗದಲ್ಲಿ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್, ರೆಡ್ ಹ್ಯಾಟ್ ಬಳಗದಲ್ಲಿ ಡಿಎನ್‌ಎಫ್-ಆಟೊಮ್ಯಾಟಿಕ್. ಉಬುಂಟುವಿನಲ್ಲಿ ಇದು ಮೊದಲೇ ಚಾಲೂ ಆಗಿರುತ್ತದೆ ಮತ್ತು ಭದ್ರತಾ ಅಪ್‌ಡೇಟ್‌ಗಳನ್ನು ತಾನಾಗಿಯೇ ತರುತ್ತದೆ. ಡಿಎನ್‌ಎಫ್-ಆಟೊಮ್ಯಾಟಿಕ್ ಅನ್ನು ನೀವೇ ಚಾಲೂ ಮಾಡಬೇಕು. ಭದ್ರತೆಯದು ಮಾತ್ರ ಸಾಕು ಎನ್ನುವುದನ್ನೂ, ಇಳಿಸಿದರೆ ಸಾಲದು ಸ್ಥಾಪಿಸಲೂ ಬೇಕು ಎನ್ನುವುದನ್ನೂ ಅದರ ಸಂರಚನಾ ಫೈಲ್‌ನಲ್ಲಿ ಬರೆಯಬೇಕು. ಎರಡನೆಯದನ್ನು ಮರೆತರೆ ಪ್ಯಾಕೇಜ್‌ಗಳು ಡಿಸ್ಕ್‌ನಲ್ಲಿ ಬಂದು ಕುಳಿತಿರುತ್ತವೆ, ಅಷ್ಟೇ.

‘ತಾನಾಗಿ ಅಪ್‌ಡೇಟ್ ಆದರೆ ಏನಾದರೂ ಮುರಿಯುತ್ತದೆ’ ಎಂಬ ಭಯಕ್ಕೆ ಆಧಾರವಿಲ್ಲದಿಲ್ಲ. 2023ರ ಮಾರ್ಚ್ 8ರಂದು ಡೇಟಾಡಾಗ್ ಕಂಪನಿಯ ಸೇವೆ ಒಂದು ದಿನಕ್ಕೂ ಹೆಚ್ಚು ಕಾಲ ಅಸ್ತವ್ಯಸ್ತವಾಯಿತು. ಕಂಪನಿಯೇ ಪ್ರಕಟಿಸಿದ ವಿವರದ ಪ್ರಕಾರ, ಉಬುಂಟು 22.04ರ ಯಂತ್ರಗಳಲ್ಲಿ ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಭದ್ರತಾ ಅಪ್‌ಡೇಟ್ ತಾನಾಗಿಯೇ ಸ್ಥಾಪನೆಯಾಯಿತು. ಅದರೊಂದಿಗೆ ನೆಟ್‌ವರ್ಕ್ ನೋಡಿಕೊಳ್ಳುವ ಸರ್ವಿಸ್ ರೀಸ್ಟಾರ್ಟ್ ಆಗಿ, ಬೇರೊಂದು ತಂತ್ರಾಂಶ ಹಾಕಿಟ್ಟಿದ್ದ ರೂಟಿಂಗ್ ನಿಯಮಗಳನ್ನು ಅಳಿಸಿಹಾಕಿತು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಮುರಿದ ರೀತಿಯಲ್ಲ, ಮುರಿದ ವ್ಯಾಪ್ತಿ. ಬೇರೆ ಬೇರೆ ಪ್ರದೇಶಗಳಲ್ಲಿ, ಬೇರೆ ಬೇರೆ ಕ್ಲೌಡ್ ಕಂಪನಿಗಳಲ್ಲಿ ಹಂಚಿಟ್ಟಿದ್ದ ಯಂತ್ರಗಳೆಲ್ಲ ಒಂದೇ ಗಡಿಯಾರವನ್ನು ಅನುಸರಿಸುತ್ತಿದ್ದವು. ಬೆಳಗಿನ 6 ಗಂಟೆಯ ಯುಟಿಸಿ ಸುಮಾರಿಗೆ ಎಲ್ಲವೂ ಒಟ್ಟಿಗೆ ಅಪ್‌ಡೇಟ್ ಆದವು. ಒಂದು ಬಿದ್ದರೆ ಇನ್ನೊಂದು ಇರಲಿ ಎಂದು ಮಾಡಿಟ್ಟ ಹಂಚಿಕೆ ಕೆಲಸಕ್ಕೆ ಬರಲಿಲ್ಲ.

ಇದನ್ನು ಓದಿ ಸ್ವಯಂಚಾಲಿತ ಅಪ್‌ಡೇಟನ್ನೇ ನಿಲ್ಲಿಸಿಬಿಡುವುದು ಎಲ್ಲರಿಗೂ ಒಪ್ಪುವ ಪಾಠವಲ್ಲ. ಪ್ರತಿ ಅಪ್‌ಡೇಟನ್ನೂ ಪರೀಕ್ಷಿಸಿ ಹಂತಹಂತವಾಗಿ ಹರಡುವ ತಂಡವಿದ್ದರೆ ನಿಲ್ಲಿಸಬಹುದು. ಅಂತಹ ತಂಡವಿಲ್ಲದ ಕಡೆ ನಿಲ್ಲಿಸಿದರೆ ಅಪ್‌ಡೇಟ್ ಬರುವುದೇ ಇಲ್ಲ. ಟೈಮರ್‌ನ ಸಮಯವನ್ನು ಯಂತ್ರಗಳ ಗುಂಪಿಗೆ ತಕ್ಕಂತೆ ಬದಲಿಸಿ, ಒಂದು ಗುಂಪು ಇಂದು, ಇನ್ನೊಂದು ನಾಳೆ ಎಂದು ಇಟ್ಟರೆ ಅಪಾಯದ ದೊಡ್ಡ ಪಾಲು ಕಳೆಯುತ್ತದೆ.

ಎರಡನೆಯದು ಕೈಯಾರೆ. ಏನು ಬದಲಾಗುತ್ತಿದೆ ಎಂದು ಓದಿ, ಬೇಕಾದಾಗ ಬೇಕಾದಷ್ಟನ್ನೇ ಹಾಕುವ ಸ್ವಾತಂತ್ರ್ಯ ಇದರಲ್ಲಿದೆ. ಇದು ನಡೆಯಬೇಕಾದರೆ ಭದ್ರತಾ ಪ್ರಕಟಣೆಗಳನ್ನು ಓದುವವರು ಒಬ್ಬರಿರಬೇಕು, ಅವರು ರಜೆಯಲ್ಲಿದ್ದಾಗ ಇನ್ನೊಬ್ಬರಿರಬೇಕು, ಇಬ್ಬರಿಗೂ ಯಾರ ಅನುಮತಿಗೂ ಕಾಯದೆ ಕೆಲಸ ಮಾಡುವ ಅಧಿಕಾರವಿರಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ‘ನಾವು ಪರೀಕ್ಷಿಸಿ ಹಾಕುತ್ತೇವೆ’ ಎಂಬ ಮಾತಿನ ಅರ್ಥ ‘ನಾವು ಹಾಕುವುದಿಲ್ಲ’ ಎಂದೇ. ಸರಿಪಡಿಸಿದ ಕೋಡ್ ಬಹಿರಂಗವಾದೊಡನೆ ದೋಷ ಎಲ್ಲಿತ್ತು ಎಂಬುದೂ ಬಹಿರಂಗವಾಗುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಮೂರನೆಯದು, ಯಂತ್ರ ಬೇರಾವ ಕೆಲಸವನ್ನೂ ಮಾಡದಿರುವಾಗ ಸ್ಥಾಪಿಸುವುದು. ಫೆಡೋರಾ ವರ್ಕ್‌ಸ್ಟೇಷನ್‌ನ ಸಾಫ್ಟ್‌ವೇರ್ ಆ್ಯಪ್ ಹೀಗೆಯೇ ಮಾಡುತ್ತದೆ: ಪ್ಯಾಕೇಜ್‌ಗಳನ್ನು ಇಳಿಸಿಟ್ಟುಕೊಂಡು, ರೀಬೂಟ್ ಮಾಡಿ, ಕನಿಷ್ಠ ಸರ್ವಿಸ್‌ಗಳಷ್ಟೇ ಓಡುತ್ತಿರುವಾಗ ಸ್ಥಾಪಿಸಿ, ಮತ್ತೆ ರೀಬೂಟ್ ಮಾಡುತ್ತದೆ. ಫೆಡೋರಾ ಸಿಲ್ವರ್‌ಬ್ಲೂ, ಓಪನ್‌ಸೂಸೆ ಮೈಕ್ರೋಒಎಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಓಡುತ್ತಿರುವ ವ್ಯವಸ್ಥೆಯನ್ನು ಮುಟ್ಟದೆ ಪಕ್ಕದಲ್ಲಿ ಹೊಸದೊಂದನ್ನು ಕಟ್ಟಿ, ಮುಂದಿನ ಬೂಟ್‌ನಲ್ಲಿ ಅದಕ್ಕೆ ಹೊರಳುತ್ತವೆ. ಅರ್ಧ ಹಳೆಯದು, ಅರ್ಧ ಹೊಸದು ಎಂಬ ಸ್ಥಿತಿ ಬರುವುದೇ ಇಲ್ಲ. ಏನಾದರೂ ಕೆಟ್ಟರೆ ಹಿಂದಿನದಕ್ಕೆ ಮರಳಬಹುದು. ಮರಳಿದಾಗ ಹಿಂದಿನ ದೋಷವೂ ಮರಳುತ್ತದೆ ಎಂಬುದಷ್ಟೇ ಇದರ ತೊಡಕು.

ರೀಲೋಡ್, ರೀಸ್ಟಾರ್ಟ್, ರೀಬೂಟ್

ಹೆಚ್ಚು ಜನ ಎಡವುವುದು ಇಲ್ಲಿ, ಅದರಲ್ಲೂ ರೀಲೋಡ್‌ನಲ್ಲಿ. ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ಗೆ ರೀಲೋಡ್ ಆಜ್ಞೆ ಕೊಟ್ಟರೆ ಹೊಸ ವರ್ಕರ್ ಪ್ರೊಸೆಸ್‌ಗಳು ಹುಟ್ಟುತ್ತವೆ, ಹಳೆಯವು ಕೆಲಸ ಮುಗಿಸಿ ಹೋಗುತ್ತವೆ. ಪ್ರೊಸೆಸ್ ಸಂಖ್ಯೆಗಳು ಬದಲಾದುದನ್ನು ನೋಡಿ ಹೊಸ ಲೈಬ್ರರಿ ಬಂತು ಎಂದುಕೊಳ್ಳುವುದು ಸಹಜ. ಆದರೆ ಆ ವರ್ಕರ್‌ಗಳು ಹುಟ್ಟುವುದು ಮಾಸ್ಟರ್ ಪ್ರೊಸೆಸ್‌ನಿಂದ, ಮತ್ತು ಮಾಸ್ಟರ್ ಹಳೆಯದೇ. ಅದರ ಮೆಮೊರಿಯಲ್ಲಿರುವ ಹಳೆಯ ಓಪನ್‌ಎಸ್‌ಎಸ್‌ಎಲ್ ಮಕ್ಕಳಿಗೂ ಬರುತ್ತದೆ. ಪೂರ್ತಿ ರೀಸ್ಟಾರ್ಟ್ ಮಾಡಬೇಕು. ಸಂಪರ್ಕಗಳು ಕಡಿಯಬಾರದು ಎಂದಿದ್ದರೆ ಯುಎಸ್‌ಆರ್2 ಸಿಗ್ನಲ್ ಕಳುಹಿಸಿ, ಹೊಸ ಮಾಸ್ಟರನ್ನು ಬುಡದಿಂದ ಶುರು ಮಾಡಿಸುವ ದಾರಿಯನ್ನು ಎಂಜಿನ್‌ಎಕ್ಸ್ ಕೊಟ್ಟಿದೆ. ಇನ್ನೊಂದು ವೆಬ್ ಸರ್ವರ್ ಅಪಾಚೆಯ ಗ್ರೇಸ್‌ಫುಲ್ ರೀಸ್ಟಾರ್ಟ್ ಹೆಸರಿನಲ್ಲಿ ರೀಸ್ಟಾರ್ಟ್ ಎಂದಿದ್ದರೂ ಅಲ್ಲಿಯೂ ತಾಯಿ ಪ್ರೊಸೆಸ್ ಸಾಯುವುದಿಲ್ಲ. ರೀಲೋಡ್ ಇರುವುದು ಸಂರಚನೆಯನ್ನು ಮತ್ತೆ ಓದಲು, ಲೈಬ್ರರಿ ಬದಲಿಸಲು ಅಲ್ಲ.

ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್ ಹಾಗಲ್ಲ. ಅದನ್ನು ರೀಸ್ಟಾರ್ಟ್ ಮಾಡಿದರೆ ಈಗಾಗಲೇ ಒಳಗಿರುವವರ ಸಂಪರ್ಕ ಕಡಿಯುವುದಿಲ್ಲ, ಏಕೆಂದರೆ ಪ್ರತಿ ಸಂಪರ್ಕಕ್ಕೂ ಬೇರೆ ಪ್ರೊಸೆಸ್ ಇರುತ್ತದೆ. ದೂರದ ಯಂತ್ರದಲ್ಲಿ ಇದು ವರ. ಆದರೆ ತೆರೆದೇ ಇರುವ ಆ ಹಳೆಯ ಸಂಪರ್ಕಗಳು ಮುಚ್ಚುವವರೆಗೂ ಹಳೆಯ ಲೈಬ್ರರಿಯಲ್ಲೇ ಇರುತ್ತವೆ. ವಾರಗಟ್ಟಲೆ ತೆರೆದಿಟ್ಟ ಟರ್ಮಿನಲ್‌ಗಳು ನೀಡ್‌ರೀಸ್ಟಾರ್ಟ್‌ನ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ.

ಸರ್ವಿಸ್ ರೀಸ್ಟಾರ್ಟ್ ಸಾಕಾಗುವುದು ಲೈಬ್ರರಿಯನ್ನು ಕೆಲವೇ ಪ್ರೋಗ್ರಾಂಗಳು ಬಳಸುವಾಗ. ಚಿತ್ರ ಓದುವ ಲೈಬ್ರರಿಯೊಂದನ್ನು ಎರಡು ಸರ್ವಿಸ್‌ಗಳು ಬಳಸುತ್ತಿದ್ದರೆ ಆ ಎರಡನ್ನು ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಈ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದು ವ್ಯವಸ್ಥೆಯನ್ನು ಅವಲಂಬಿಸಿದೆ. ಉಬುಂಟು 22.04ರ ಸರ್ವರ್‌ನಲ್ಲಿ ಕೈಯಾರೆ ಅಪ್‌ಡೇಟ್ ಮಾಡಿದಾಗ ಯಾವ ಸರ್ವಿಸ್ ರೀಸ್ಟಾರ್ಟ್ ಮಾಡಲಿ ಎಂದು ಪಟ್ಟಿ ಬಂದು ಕೇಳುತ್ತದೆ. 24.04ರಲ್ಲಿ ಕೇಳದೆ ತಾನೇ ಮಾಡುವುದು ರೂಢಿ. ಡೇಟಾಬೇಸ್‌ನಂತಹ ಸರ್ವಿಸ್ ಹಗಲಿನಲ್ಲಿ ತಾನಾಗಿ ನಿಂತು ಮತ್ತೆ ಶುರುವಾಗುವುದು ಬೇಡವೆಂದರೆ ಅದನ್ನು ಹೊರಗಿಡುವ ನಿಯಮವನ್ನು ಮೊದಲೇ ಬರೆದಿಡಿ.

ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ ಬಂದಾಗ ಲೆಕ್ಕ ಬದಲಾಗುತ್ತದೆ. ಬಹುತೇಕ ಎಲ್ಲ ಪ್ರೋಗ್ರಾಂಗಳೂ ಅದರ ಮೇಲೆ ನಿಂತಿವೆ, ಮೊದಲ ಪ್ರೊಸೆಸ್ ಆದ ಸಿಸ್ಟಮ್‌ಡಿಯೂ ಸೇರಿ. ಸಿಸ್ಟಮ್‌ಡಿಯನ್ನು ನಿಲ್ಲಿಸದೆ ತನ್ನನ್ನು ತಾನೇ ಮತ್ತೆ ಶುರು ಮಾಡಿಕೊಳ್ಳುವಂತೆ ಹೇಳುವ ಆಜ್ಞೆಯೇನೋ ಇದೆ. ಆದರೆ ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಡಿ-ಬಸ್ ಅನ್ನು ಡೆಸ್ಕ್‌ಟಾಪ್‌ನಲ್ಲಿ ರೀಸ್ಟಾರ್ಟ್ ಮಾಡಿದರೆ ನಿಮ್ಮ ಇಡೀ ಸೆಷನ್ ಕುಸಿಯಬಹುದು. ಇನ್ನೊಂದು ಸೂಕ್ಷ್ಮವಿದೆ. ಬಳಕೆದಾರರ ಹೆಸರು, ಯಂತ್ರಗಳ ಹೆಸರು ಹುಡುಕುವ ಎನ್‌ಎಸ್‌ಎಸ್ ಮಾಡ್ಯೂಲ್‌ಗಳನ್ನು ಜಿಲಿಬ್‌ಸಿ ಶುರುವಿನಲ್ಲಿ ಅಲ್ಲ, ಬೇಕಾದಾಗ ಜೋಡಿಸಿಕೊಳ್ಳುತ್ತದೆ. ಹಳೆಯ ಜಿಲಿಬ್‌ಸಿ ಹಿಡಿದಿರುವ ಪ್ರೋಗ್ರಾಂ ಡಿಸ್ಕ್‌ನಲ್ಲಿರುವ ಹೊಸ ಮಾಡ್ಯೂಲನ್ನು ಜೋಡಿಸಲು ಹೋದಾಗ ಎರಡೂ ಹೊಂದದೆ ಲಾಗಿನ್ ಕೆಡುವ ಸಾಧ್ಯತೆ ಇದೆ. ಡೆಬಿಯನ್‌ನಲ್ಲಿ ಜಿಲಿಬ್‌ಸಿ ಹೊಸ ಆವೃತ್ತಿಗೆ ಏರುವಾಗ ಕೆಲವು ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಲೇ ಎಂದು ಅದರ ಪ್ಯಾಕೇಜ್ ಕೇಳುವುದು ಇದಕ್ಕಾಗಿಯೇ. ಹೌದು ಎನ್ನಿ.

ಹಾಗೆಂದು ಜಿಲಿಬ್‌ಸಿಯ ದೋಷಗಳೆಲ್ಲ ಒಂದೇ ಬಗೆಯವಲ್ಲ. 2016ರ ಫೆಬ್ರುವರಿಯಲ್ಲಿ ಬಹಿರಂಗವಾದ ಸಿವಿಇ-2015-7547 (ಸಿವಿಇ ಎಂದರೆ ಬಹಿರಂಗವಾದ ಭದ್ರತಾ ದೋಷಕ್ಕೆ ಕೊಡುವ ಗುರುತು ಸಂಖ್ಯೆ) ಇದ್ದುದು ಯಂತ್ರದ ಹೆಸರಿನಿಂದ ವಿಳಾಸ ಹುಡುಕುವ ಭಾಗದಲ್ಲಿ. ಡಿಎನ್‌ಎಸ್ ಉತ್ತರವೊಂದರ ಮೂಲಕ ಓಡುತ್ತಿರುವ ಯಾವುದೇ ಸರ್ವಿಸ್ ಮೇಲೆ ದಾಳಿ ಸಾಧ್ಯವಿತ್ತು, ಆದ್ದರಿಂದ ಪ್ರತಿಯೊಂದೂ ಹಳೆಯದನ್ನು ಬಿಡಲೇಬೇಕಿತ್ತು. 2023ರ ಅಕ್ಟೋಬರ್‌ನ ‘ಲೂನಿ ಟ್ಯೂನಬಲ್ಸ್’, ಅಂದರೆ ಸಿವಿಇ-2023-4911, ಇದ್ದುದು ಡೈನಮಿಕ್ ಲೋಡರ್‌ನಲ್ಲಿ. ಯಂತ್ರದೊಳಗಿರುವ ಬಳಕೆದಾರ ಹೆಚ್ಚಿನ ಅಧಿಕಾರದ ಪ್ರೋಗ್ರಾಂ ಒಂದನ್ನು ಹೊಸದಾಗಿ ಶುರು ಮಾಡಿದಾಗ ಮಾತ್ರ ಅದು ಕೆಲಸಕ್ಕೆ ಬರುತ್ತಿತ್ತು. ಹೊಸದಾಗಿ ಶುರುವಾಗುವುದು ಡಿಸ್ಕ್‌ನಲ್ಲಿರುವ ಹೊಸ ಲೋಡರ್‌ನಿಂದಲೇ ತಾನೇ? ಅಲ್ಲಿ ಪ್ಯಾಕೇಜ್ ಸ್ಥಾಪನೆಯಾದ ಕ್ಷಣದಲ್ಲೇ ಬಾಗಿಲು ಮುಚ್ಚಿತು, ರೀಬೂಟ್‌ಗೆ ಆತುರಪಡಬೇಕಿರಲಿಲ್ಲ. ಭದ್ರತಾ ಪ್ರಕಟಣೆಯಲ್ಲಿ ತೀವ್ರತೆಯ ಅಂಕವನ್ನಷ್ಟೇ ಓದುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ದೋಷ ಯಾವ ಕ್ಷಣದಲ್ಲಿ, ಯಾವ ಪ್ರೊಸೆಸ್‌ನಲ್ಲಿ ಚಲಾವಣೆಗೆ ಬರುತ್ತದೆ ಎಂಬ ಒಂದು ಸಾಲನ್ನು ಹುಡುಕಿ ಓದಿ.

ಅದನ್ನು ಓದಿ ಅರ್ಥಮಾಡಿಕೊಳ್ಳಲು ಪುರುಸೊತ್ತಿಲ್ಲವೆಂದರೆ ರೀಬೂಟ್ ಮಾಡಿ. ರೀಬೂಟ್ ತಪ್ಪಿಸಲೆಂದು ನಲವತ್ತು ಸರ್ವಿಸ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ಶುರು ಮಾಡುವುದನ್ನು ನಾನು ಜಾಣತನ ಎನ್ನುವುದಿಲ್ಲ. ರೀಬೂಟ್‌ನಿಂದ ಇನ್ನೊಂದು ಲಾಭವಿದೆ: ಯಂತ್ರ ತಾನಾಗಿ ಮೇಲೇಳುತ್ತದೆಯೇ ಎಂಬ ಪರೀಕ್ಷೆ ನಿಮಗೆ ಅನುಕೂಲವಾದ ಹೊತ್ತಿನಲ್ಲಿ ನಡೆಯುತ್ತದೆ, ವಿದ್ಯುತ್ ಹೋಗಿ ಬಂದ ರಾತ್ರಿಯಲ್ಲಿ ಅಲ್ಲ. ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್‌ನಲ್ಲಿ ತಾನಾಗಿ ರೀಬೂಟ್ ಆಗುವ ಆಯ್ಕೆ ಮೊದಲಿಗೆ ಬಂದ್ ಆಗಿರುತ್ತದೆ. ಚಾಲೂ ಮಾಡಿ ಸಮಯವನ್ನೂ ನಿಗದಿಪಡಿಸಬಹುದು. ಅದು ನೋಡುವುದು ‘ರೀಬೂಟ್-ರಿಕ್ವೈರ್ಡ್’ ಎಂಬ ಹೆಸರಿನ ಫೈಲ್ ಇದೆಯೇ ಎಂದು. ಕರ್ನಲ್‌ನಂತಹ ಕೆಲವು ಪ್ಯಾಕೇಜ್‌ಗಳು ಮಾತ್ರ ಆ ಫೈಲನ್ನು ಸೃಷ್ಟಿಸುತ್ತವೆ. ಫೈಲ್ ಇಲ್ಲ ಎಂದಮಾತ್ರಕ್ಕೆ ಎಲ್ಲ ಸರ್ವಿಸ್‌ಗಳೂ ಹೊಸ ಲೈಬ್ರರಿಯಲ್ಲಿವೆ ಎಂದಲ್ಲ.

ಲೈವ್ ಪ್ಯಾಚ್

ಓಡುತ್ತಿರುವ ಪ್ರೊಸೆಸ್‌ನ ಮೆಮೊರಿಯಲ್ಲೇ ದೋಷವಿರುವ ಫಂಕ್ಷನ್ನನ್ನು ಬದಲಿಸುವ ತಂತ್ರವಿದು. ಮೊದಲು ಒಂದು ಗೊಂದಲ ಕಳೆಯೋಣ. ಉಬುಂಟುವಿನ ತಯಾರಕ ಕಂಪನಿ ಕೆನಾನಿಕಲ್‌ನ ಲೈವ್‌ಪ್ಯಾಚ್ ಕರ್ನಲ್‌ಗೆ ಮಾತ್ರ. ಅದು ಚಾಲೂ ಇದೆಯೆಂದು ಓಪನ್‌ಎಸ್‌ಎಸ್‌ಎಲ್ ಬಗ್ಗೆ ನಿಶ್ಚಿಂತರಾಗಬೇಡಿ. ಲೈಬ್ರರಿಗಳಿಗೆಂದೇ ಇರುವುದು ಟಕ್ಸ್‌ಕೇರ್‌ನ ಲಿಬ್‌ಕೇರ್ ಮತ್ತು ಸೂಸೆ ಲಿನಕ್ಸ್ ಎಂಟರ್‌ಪ್ರೈಸ್ 15ರ ನಾಲ್ಕನೆಯ ಸರ್ವಿಸ್ ಪ್ಯಾಕ್‌ನಿಂದ ಬಂದ ವ್ಯವಸ್ಥೆ. ಎರಡೂ ಮುಖ್ಯವಾಗಿ ನೋಡಿಕೊಳ್ಳುವುದು ಜಿಲಿಬ್‌ಸಿ ಮತ್ತು ಓಪನ್‌ಎಸ್‌ಎಸ್‌ಎಲ್ ಅನ್ನು. ಸೂಸೆಯದರಲ್ಲಿ ಇನ್ನೊಂದು ಷರತ್ತಿದೆ: ಪ್ರೊಸೆಸ್ ಶುರುವಾಗುವಾಗಲೇ ಅದರೊಂದಿಗೆ ಲಿಬ್‌ಪಲ್ಪ್ ಎಂಬ ಸಹಾಯಕ ಲೈಬ್ರರಿ ಜೋಡಣೆಯಾಗಿರಬೇಕು. ದೋಷ ಬಂದ ದಿನ ನೆನಪಾದರೆ ತಡವಾಯಿತು.

ಫಂಕ್ಷನ್‌ನ ಒಳಗಿನ ತಪ್ಪನ್ನು ಹೀಗೆ ಸರಿಪಡಿಸಬಹುದು. ಮೆಮೊರಿಯಲ್ಲಿ ಈಗಾಗಲೇ ಕುಳಿತಿರುವ ದತ್ತಾಂಶದ ರಚನೆಯೇ ಬದಲಾಗಬೇಕಿದ್ದರೆ ಕಷ್ಟ. ಪ್ರೋಗ್ರಾಂ ಮತ್ತೆ ಶುರುವಾದಾಗ ಡಿಸ್ಕ್‌ನಿಂದಲೇ ಓದುವುದರಿಂದ ಡಿಸ್ಕ್‌ನಲ್ಲಿರುವುದನ್ನೂ ಅಪ್‌ಡೇಟ್ ಮಾಡಲೇಬೇಕು. ನನ್ನ ಅಭಿಪ್ರಾಯದಲ್ಲಿ ಇದು ರೀಸ್ಟಾರ್ಟ್‌ಗೆ ಬದಲಿಯಲ್ಲ, ರೀಸ್ಟಾರ್ಟ್‌ನ ಸಮಯ ಬರುವವರೆಗಿನ ಸೇತುವೆ. ನಿಲ್ಲಿಸಿದರೆ ಮತ್ತೆ ಸಿದ್ಧವಾಗಲು ಗಂಟೆಗಳು ಹಿಡಿಯುವ ದೊಡ್ಡ ಡೇಟಾಬೇಸ್, ಕರೆಗಳನ್ನು ಹೊತ್ತಿರುವ ದೂರಸಂಪರ್ಕ ಸರ್ವರ್ ಇಂತಹ ಕಡೆ ಚಂದಾ ಕೊಟ್ಟು ಇಟ್ಟುಕೊಳ್ಳುವುದು ಸರಿ. ಉಳಿದವರು ಅದೇ ಖರ್ಚಿನಲ್ಲಿ ಎರಡನೆಯ ಸರ್ವರ್ ಇಟ್ಟು, ಕೆಲಸವನ್ನು ಸರ್ವರ್‌ಗಳ ನಡುವೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ ಒಂದೊಂದನ್ನೇ ಪಕ್ಕಕ್ಕೆ ತೆಗೆದು ರೀಬೂಟ್ ಮಾಡುವುದು ಮೇಲು.

ವ್ಯವಸ್ಥೆಯ ಲೈಬ್ರರಿಯನ್ನು ಬಳಸದ ಪ್ರೋಗ್ರಾಂಗಳು

ಮೇಲಿನದೆಲ್ಲ ಮಾಡಿದರೂ ಮುಟ್ಟದ ಪ್ರತಿಗಳಿರುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರಗಳನ್ನು ಓದುವ ಲೈಬ್ರರಿ ಲಿಬ್‌ವೆಬ್‌ಪಿಯ ದೋಷ ಸಿವಿಇ-2023-4863 ಹೊರಬಂದಾಗ ವ್ಯವಸ್ಥೆಯ ಲಿಬ್‌ವೆಬ್‌ಪಿಯನ್ನು ಅಪ್‌ಡೇಟ್ ಮಾಡುವುದು ಕೆಲಸದ ಚಿಕ್ಕ ಭಾಗವಾಗಿತ್ತು. ಕ್ರೋಮ್ ತನ್ನದೇ ಪ್ರತಿಯನ್ನು ಹೊತ್ತಿತ್ತು, ಡೆಸ್ಕ್‌ಟಾಪ್ ಆ್ಯಪ್ ಕಟ್ಟುವ ಚೌಕಟ್ಟಾದ ಎಲೆಕ್ಟ್ರಾನ್‌ನಲ್ಲಿ ಕಟ್ಟಿದ ಒಂದೊಂದು ಆ್ಯಪ್ ಕೂಡ ತನ್ನದನ್ನು ಹೊತ್ತಿತ್ತು. ಪ್ರತಿಯೊಂದೂ ತನ್ನ ತಯಾರಕರ ಕಡೆಯಿಂದ ಹೊಸ ಆವೃತ್ತಿ ಬರುವವರೆಗೆ ಕಾಯಬೇಕಾಯಿತು. ಸ್ಟ್ಯಾಟಿಕ್ ಆಗಿ ಜೋಡಿಸಿದ ಪ್ರೋಗ್ರಾಂಗಳದೂ ಇದೇ ಕಥೆ: ಲೈಬ್ರರಿ ಪ್ರೋಗ್ರಾಂನ ಹೊಟ್ಟೆಯೊಳಗೇ ಇರುವುದರಿಂದ ಮತ್ತೆ ಕಂಪೈಲ್ ಮಾಡದೆ ಗತಿಯಿಲ್ಲ.

ಪ್ರೋಗ್ರಾಂ ಮತ್ತು ಅದರ ಲೈಬ್ರರಿಗಳನ್ನು ಇಮೇಜ್ ಎಂಬ ಒಂದೇ ಕಟ್ಟಿನಿಂದ ಓಡಿಸುವ ಕಂಟೇನರ್‌ಗಳಲ್ಲಿ ಜನ ಮೋಸಹೋಗುವುದು ಸುಲಭ. ಕಂಟೇನರ್ ಒಳಗಿನ ಓಪನ್‌ಎಸ್‌ಎಸ್‌ಎಲ್ ಇರುವುದು ಇಮೇಜ್‌ನಲ್ಲಿ. ಹೊರಗಿನ ಯಂತ್ರವನ್ನು ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದರೂ ಅದೇ ಹಳೆಯ ಇಮೇಜ್‌ನಿಂದ ಅದೇ ಹಳೆಯ ಲೈಬ್ರರಿ ಮೇಲೇಳುತ್ತದೆ. ಇಮೇಜನ್ನು ಮತ್ತೆ ಕಟ್ಟುವಾಗಲೂ ಹಿಂದಿನ ಸಲದ ಕ್ಯಾಶ್ ಬಳಸಿಕೊಂಡರೆ ಅಪ್‌ಡೇಟ್ ಹೆಜ್ಜೆಯೇ ನಡೆಯದೆ ಹೋಗಬಹುದು. ಮೂಲ ಇಮೇಜನ್ನು ಹೊಸದಾಗಿ ಎಳೆದುಕೊಂಡು, ಕ್ಯಾಶ್ ಇಲ್ಲದೆ ಕಟ್ಟಿ, ಕಂಟೇನರನ್ನು ಬದಲಿಸಬೇಕು. ಟ್ರಿವಿ, ಗ್ರೈಪ್‌ನಂತಹ ಸ್ಕ್ಯಾನರ್‌ಗಳು ಇಮೇಜ್‌ನಲ್ಲಿ ಏನಿದೆ ಎಂದು ಹೇಳುತ್ತವೆ. ಕಂಟೇನರ್‌ಗಳಷ್ಟನ್ನೇ ಓಡಿಸುವವರಿಗೆ ಈ ಲೇಖನದ ಮುಕ್ಕಾಲು ಪಾಲು ಆಯ್ಕೆಗಳು ಅನ್ವಯಿಸುವುದೇ ಇಲ್ಲ, ಇಮೇಜ್ ಕಟ್ಟುವ ಕೆಲಸವನ್ನು ವಾರಕ್ಕೊಮ್ಮೆ ತಾನಾಗಿ ನಡೆಯುವಂತೆ ಮಾಡಿಟ್ಟರೆ ಅದೇ ಅವರ ಅಪ್‌ಡೇಟ್.

ಮೂಲದಿಂದ ಕಂಪೈಲ್ ಮಾಡುವ ಆಸೆ

ಹಾರ್ಟ್‌ಬ್ಲೀಡ್ ದೋಷ 2014ರ ಏಪ್ರಿಲ್ 7ರಂದು ಬಹಿರಂಗವಾದಾಗ ಓಪನ್‌ಎಸ್‌ಎಸ್‌ಎಲ್ ಯೋಜನೆ 1.0.1ಜಿ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿತು. ಡೆಬಿಯನ್ 7ರ ಅಪ್‌ಡೇಟ್ ಹಾಕಿಕೊಂಡವರಿಗೆ ಆಮೇಲೂ ಕಂಡದ್ದು 1.0.1ಇ. ದೋಷ ಅಲ್ಲಿ ಸರಿಯಾಗಿತ್ತು. ಸ್ಥಿರ ವಿತರಣೆಗಳು ಆವೃತ್ತಿ ಬದಲಿಸದೆ ದುರಸ್ತಿಯನ್ನಷ್ಟೇ ಹಳೆಯ ಕೋಡ್‌ಗೆ ತಂದು ಸೇರಿಸುತ್ತವೆ, ಗುರುತು ಸಿಗುವುದು ಪ್ಯಾಕೇಜ್ ಸಂಖ್ಯೆಯ ಬಾಲದಲ್ಲಿ. ಇದು ಗೊತ್ತಿಲ್ಲದೆ ಮೂಲದಿಂದ ಕಂಪೈಲ್ ಮಾಡಿ ಇನ್ನೊಂದು ಓಪನ್‌ಎಸ್‌ಎಸ್‌ಎಲ್ ಇಟ್ಟುಕೊಂಡರೆ ಯಂತ್ರದಲ್ಲಿ ಎರಡು ಪ್ರತಿಗಳಾಗುತ್ತವೆ. ಯಾವ ಪ್ರೋಗ್ರಾಂ ಯಾವುದನ್ನು ಹಿಡಿಯುತ್ತದೆ ಎಂಬುದು ಲೋಡರ್ ಹುಡುಕುವ ಕ್ರಮಕ್ಕೆ ಬಿಟ್ಟದ್ದು. ಮುಂದಿನ ದೋಷ ಬಂದಾಗ ಆ ಎರಡನೆಯ ಪ್ರತಿಯ ನೆನಪು ಯಾರಿಗೂ ಇರುವುದಿಲ್ಲ.

ಹೊಸ ಆವೃತ್ತಿಯೇ ಸುರಕ್ಷಿತ ಎನ್ನುವವರಿಗೆ ಫೈಲ್ ಕುಗ್ಗಿಸುವ ತಂತ್ರಾಂಶ ಎಕ್ಸ್‌ಝಡ್‌ನ ನೆನಪು ಸಾಕು. 2024ರ ಮಾರ್ಚ್ 29ರಂದು ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬಯಲಿಗೆಳೆದ, ಯಾರೋ ಬೇಕೆಂದೇ ಸೇರಿಸಿದ್ದ ಹಿಂಬಾಗಿಲು ಇದ್ದುದು 5.6.0 ಮತ್ತು 5.6.1ರಲ್ಲಿ, ಅಂದಿನ ಅತಿ ಹೊಸ ಆವೃತ್ತಿಗಳಲ್ಲಿ. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ತಲುಪಿರಲಿಲ್ಲ. ಸ್ಥಿರ ವಿತರಣೆಗಳ ಕ್ರಮಕ್ಕೂ ಕೊರತೆಯಿದೆ ಎಂಬುದನ್ನು ಒಪ್ಪಬೇಕು. ಜಿಲಿಬ್‌ಸಿಯ ‘ಘೋಸ್ಟ್’ ದೋಷವನ್ನು ಮೂಲ ಯೋಜನೆ 2013ರ ಮೇ ತಿಂಗಳಲ್ಲೇ ಸರಿಪಡಿಸಿತ್ತು, ಆದರೆ ಅದು ಭದ್ರತೆಯ ವಿಷಯವೆಂದು ಗುರುತಿಸಿರಲಿಲ್ಲ. ಹಾಗಾಗಿ ಡೆಬಿಯನ್ 7, ಉಬುಂಟು 12.04, ರೆಡ್ ಹ್ಯಾಟ್ 6 ಮತ್ತು 7ರಂತಹ ಸ್ಥಿರ ವಿತರಣೆಗಳು 2015ರ ಜನವರಿಯವರೆಗೂ ದೋಷ ಹೊತ್ತೇ ಓಡಿದವು. ಇಷ್ಟಾದರೂ, ಲೈಬ್ರರಿಗಳ ಮಟ್ಟಿಗೆ ನಾನು ವಿತರಣೆಯ ಪ್ಯಾಕೇಜನ್ನೇ ಆರಿಸುತ್ತೇನೆ. ಅಲ್ಲಿ ಕಡೇಪಕ್ಷ ಒಬ್ಬರು ನೋಡುತ್ತಿದ್ದಾರೆ.

ಯಾರಿಗೆ ಯಾವುದು

ಸ್ವಂತ ಲ್ಯಾಪ್‌ಟಾಪ್‌ಗೆ ಸ್ವಯಂಚಾಲಿತ ಸ್ಥಾಪನೆ ಇಡಿ, ರೀಬೂಟ್ ಕೇಳಿದ ದಿನವೇ ಮಾಡಿ. ಮುಚ್ಚಳ ಮುಚ್ಚಿ ಸ್ಲೀಪ್‌ಗೆ ಹಾಕುವುದು ರೀಬೂಟ್ ಅಲ್ಲ, ತಿಂಗಳುಗಟ್ಟಲೆ ಅದೇ ಪ್ರೊಸೆಸ್‌ಗಳು ಮುಂದುವರಿಯುತ್ತವೆ.

ಒಬ್ಬರೇ ನೋಡಿಕೊಳ್ಳುವ ಒಂದೆರಡು ಸರ್ವರ್‌ಗಳಿಗೆ ಭದ್ರತಾ ಅಪ್‌ಡೇಟ್ ಮಾತ್ರ ಸ್ವಯಂಚಾಲಿತ, ಅದರೊಂದಿಗೆ ನೀಡ್‌ರೀಸ್ಟಾರ್ಟ್ ಅಥವಾ ಅದರ ಸಮಾನ, ಜನ ಕಡಿಮೆ ಇರುವ ಹೊತ್ತಿಗೆ ನಿಗದಿಯಾದ ರೀಬೂಟ್. ಇಷ್ಟು ಮಾಡಿದರೆ ಹೆಚ್ಚಿನವರಿಗೆ ಸಾಕು. ಹತ್ತಾರು ಸರ್ವರ್‌ಗಳಿದ್ದರೆ ಇದೇ ಏರ್ಪಾಡು, ಆದರೆ ಗುಂಪುಗಳಾಗಿ, ಬೇರೆ ಬೇರೆ ದಿನಗಳಲ್ಲಿ. ಮೊದಲ ಗುಂಪಿನಲ್ಲಿ ಕೆಟ್ಟರೂ ನಡೆಯುವಂಥವನ್ನಿಡಿ, ಆದರೆ ಎಲ್ಲ ಬಗೆಯ ಯಂತ್ರಗಳ ಮಾದರಿಯೂ ಅದರಲ್ಲಿರಲಿ.

ದೋಷ ಹಾರ್ಟ್‌ಬ್ಲೀಡ್‌ನಂಥದ್ದಾದರೆ ಯಾವ ಗುಂಪಿನಲ್ಲಿದ್ದರೂ ರೀಸ್ಟಾರ್ಟ್‌ಗೆ ಕೆಲಸ ಮುಗಿಯುವುದಿಲ್ಲ. ಅದು ಮೆಮೊರಿಯಲ್ಲಿದ್ದುದನ್ನು ಹೊರಗೆ ಸೋರಿಸುತ್ತಿತ್ತು, ಖಾಸಗಿ ಕೀಲಿಯೂ ಅದರಲ್ಲಿ ಹೋಗಿರಬಹುದಿತ್ತು. ಹಾಗಾಗಿ ಹೊಸ ಕೀಲಿ, ಹೊಸ ಪ್ರಮಾಣಪತ್ರ, ಹಳೆಯದರ ರದ್ದತಿ, ಪಾಸ್‌ವರ್ಡ್ ಬದಲಾವಣೆ ಎಲ್ಲವೂ ಬೇಕಾದವು. ಇಲ್ಲಿ ಕ್ರಮ ಮುಖ್ಯ: ಹಳೆಯ ಲೈಬ್ರರಿ ಇನ್ನೂ ಓಡುತ್ತಿರುವಾಗ ಕೀಲಿ ಬದಲಿಸಿದರೆ ಹೊಸ ಕೀಲಿಯೂ ಸೋರುತ್ತದೆ. ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2006ರಿಂದ 2008ರ ಮೇವರೆಗೆ ಇದ್ದ ಯಾದೃಚ್ಛಿಕ ಸಂಖ್ಯೆಯ ದೋಷವೂ ಹೀಗೆಯೇ. ಲೈಬ್ರರಿ ಸರಿಯಾದರೂ, ಆ ಅವಧಿಯಲ್ಲಿ ಸೃಷ್ಟಿಸಿ ಬೇರೆ ಯಂತ್ರಗಳಿಗೆ ನಕಲು ಮಾಡಿದ ದುರ್ಬಲ ಎಸ್‌ಎಸ್‌ಎಚ್ ಕೀಲಿಗಳು, ಡೆಬಿಯನ್ ಅಲ್ಲದ ಯಂತ್ರಗಳಲ್ಲೂ, ಹುಡುಕಿ ತೆಗೆಯುವವರೆಗೆ ಉಳಿದವು.

ಇನ್ನುಳಿದದ್ದು ಬೆಂಬಲದ ಅವಧಿ ಮುಗಿದ ವ್ಯವಸ್ಥೆ. ಅಲ್ಲಿ ಹೋಲಿಸಲು ಆಯ್ಕೆಗಳೇ ಇಲ್ಲ, ಅಪ್‌ಡೇಟ್ ಬರುವುದು ನಿಂತಿರುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಉಬುಂಟು ಪ್ರೋ ಮೂಲಕ ಅವಧಿ ಹಿಗ್ಗುತ್ತದೆ, ವೈಯಕ್ತಿಕ ಬಳಕೆಗೆ 5 ಯಂತ್ರಗಳವರೆಗೆ ಅದು ಉಚಿತ. ಡೆಬಿಯನ್‌ಗೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ತಂಡ ಒಟ್ಟು 5 ವರ್ಷಗಳ ಮಟ್ಟಿಗೆ ಅಪ್‌ಡೇಟ್ ಕೊಡುತ್ತದೆ. ಅದೂ ಮುಗಿದಿದ್ದರೆ, ಬೇರೆಡೆಗೆ ಸ್ಥಳಾಂತರಿಸುವವರೆಗೆ ಆ ಯಂತ್ರದಲ್ಲಿ ಹೊರಗಿನ ಸಂಪರ್ಕಕ್ಕೆ ಕಿವಿಗೊಟ್ಟು ಕುಳಿತಿರುವ ಸರ್ವಿಸ್‌ಗಳ ಪಟ್ಟಿ ತೆಗೆದು, ಅಗತ್ಯವಿಲ್ಲದವನ್ನು ನಿಲ್ಲಿಸಿ, ಉಳಿದವಕ್ಕೆ ಫೈರ್‌ವಾಲ್‌ನಲ್ಲಿ ಗೊತ್ತಿರುವ ವಿಳಾಸಗಳಿಗಷ್ಟೇ ಪ್ರವೇಶ ಕೊಡಿ.